65 ಕೆ.ಜಿ.ಗೆ ಒಪ್ಪಿದ್ದಾರೆ, ಗೆಲ್ಲುವವರು ಯಾರು?

ಪ್ರಶ್ನೆ: ನನ್ನ ತಂಗಿಯ ಮಗ ಹೈದರಾಬಾದಿನಲ್ಲಿದ್ದು ಬಾಕ್ಸಿಂಗ್ ಕಲಿತವನು, ಈಗ ಪ್ರೊಫೆಷನಲ್ ಆಗಿದ್ದಾನೆ. ಅವನದು 63.5 ಕೆ.ಜಿ. ವಿಭಾಗ, ಬೌಟ್ ಇಲ್ಲದಾಗ 67 ಇರುತ್ತಾನೆ. ಮುಂದಿನ ತಿಂಗಳು ಆರು ರೌಂಡಿನ ಬೌಟ್ ಇದೆ. ಎದುರಾಳಿ 69.85ರ ವಿಭಾಗದಲ್ಲಿ ಆಡುವವನು, ಒಮ್ಮೆ ಮಾತ್ರ 66.68ಕ್ಕೆ ಇಳಿದು ಗೆದ್ದಿದ್ದಾನೆ. ಸುಮ್ಮನಿದ್ದಾಗ 72-73 ಇರುತ್ತಾನಂತೆ. ಇಬ್ಬರೂ 65 ಕೆ.ಜಿ.ಗೆ ಒಪ್ಪಿದ್ದಾರೆ. ಆ ಅಂಕಿ ಹೇಳಿದವರು ಎದುರಾಳಿಯ ಕಡೆಯವರೇ. ತೂಕ ಹಾಕುವುದು ಹಿಂದಿನ ದಿನ ಮಧ್ಯಾಹ್ನ. ನಮ್ಮ ಮನೆಯಾಗ ಎರಡು ಪಾರ್ಟಿ ಆಗ್ಯಾವ ಸರ್. ಅಷ್ಟು ತೂಕ ಇಳಿಸಿದವ ಸೊರಗಿ ಬರ್ತಾನ, ನಮ್ಮ ಹುಡುಗನೇ ಗೆಲ್ತಾನ ಅಂತ ನನ್ನ ಮಗ. ದೊಡ್ಡ ಆಳು ಎಷ್ಟು ಇಳಿದರೂ ದೊಡ್ಡ ಆಳೇ ಅಂತ ನಮ್ಮ ಅಣ್ಣ. ನಿಮ್ಮ ಲೆಕ್ಕ ಏನು?
ಭಾಲ್ಕಿ ತಾಲ್ಲೂಕಿನ ಓದುಗರು, ಬೀದರ್ ಜಿಲ್ಲೆ

ಉತ್ತರ: ಮೊದಲು ಲೆಕ್ಕ, ಆಮೇಲೆ ಕಾರಣ. ಇಬ್ಬರ ಆಟವೂ ಸಮಸಮ ಅಂತ ಹಿಡಿದರೆ, ನೀವು ಬರೆದ ಕರಾರಿನ ಮೇಲೆ ನೂರಕ್ಕೆ ಐವತ್ತೈದು ಎದುರಾಳಿಗೆ, ನಲವತ್ತೈದು ನಿಮ್ಮ ಅಳಿಯನಿಗೆ ಕೊಡುತ್ತೇನೆ. ನಿಮ್ಮ ಅಣ್ಣನವರು ಇಷ್ಟು ಓದಿ ಮೀಸೆ ತಿರುವುವುದು ಬೇಡ. ನನ್ನ ಕಾರಣ ಅವರ ಕಾರಣವಲ್ಲ. ಕರಾರಿಗೆ ಎರಡು ಸಾಲು ಸೇರಿಸಿದರೆ ಇದೇ ಅಂಕಿ ನಿಮ್ಮ ಹುಡುಗನ ಕಡೆ ವಾಲುತ್ತದೆ, ಸೇರಿಸಲು ಇನ್ನೂ ಒಂದು ತಿಂಗಳು ಟೈಮಿದೆ. ಇದರ ಮೇಲೆ ಯಾರಾದರೂ ದುಡ್ಡು ಕಟ್ಟಿದರೆ ಮಾತ್ರ ಅದು ಅವರ ಹಣೆಬರಹ ಮತ್ತು ಪೊಲೀಸರ ಕೆಲಸ.

ಎರಡು ವಿಭಾಗಗಳ ನಡುವಿನ ಒಂದು ಅಂಕಿಗೆ ಮಾತುಕತೆಯಿಂದ ಒಪ್ಪುವುದನ್ನು ಬಾಕ್ಸಿಂಗ್‌ನವರು ಕ್ಯಾಚ್‌ವೇಟ್ ಅನ್ನುತ್ತಾರೆ. ಸೂಪರ್ ಲೈಟ್‌ವೇಟ್ 63.5ಕ್ಕೆ ಮುಗಿಯುತ್ತದೆ, ವೆಲ್ಟರ್‌ವೇಟ್ 66.68ಕ್ಕೆ. ನಿಮ್ಮ 65 ಪ್ರೊಫೆಷನಲ್‌ನಲ್ಲಿ ಯಾವುದರ ಗಡಿಯೂ ಅಲ್ಲ. ಒಲಿಂಪಿಕ್ಸ್ ಕಡೆಯ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಹೀಗೆ ಮಾತಾಡಿ ತೂಕ ಒಪ್ಪುವುದಕ್ಕೆ ಜಾಗವೇ ಇಲ್ಲ. ಪ್ರೊಫೆಷನಲ್‌ನಲ್ಲಿ ಮಾತ್ರ ಇಬ್ಬರ ಮ್ಯಾನೇಜರುಗಳು ಕೂತು ಚೌಕಾಸಿ ಮಾಡುತ್ತಾರೆ.

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಒಂದು ಗೊತ್ತಿರುತ್ತದೆ. ಹಿರಿಯರು ಇಬ್ಬರು ಪೈಲ್ವಾನರನ್ನು ಭುಜಕ್ಕೆ ಭುಜ ಹಚ್ಚಿ ನಿಲ್ಲಿಸಿ, ಕುತ್ತಿಗೆ, ತೊಡೆ ನೋಡಿ ಜೋಡಿ ಹಚ್ಚುತ್ತಾರೆ. ತಕ್ಕಡಿ ಇರುವುದಿಲ್ಲ. ಆದರೆ ಕಣ್ಣಿಗೆ ಕಂಡ ಆಳೇ ಅರ್ಧ ಗಂಟೆಯೊಳಗೆ ಕಣಕ್ಕೆ ಇಳಿಯುತ್ತಾನೆ. ಬಾಕ್ಸಿಂಗ್‌ನಲ್ಲಿ ತಕ್ಕಡಿ ಇದೆ, ಗ್ರಾಂ ಲೆಕ್ಕದಲ್ಲಿ ನೋಡುತ್ತಾರೆ, ಆದರೆ ತಕ್ಕಡಿ ಹತ್ತಿದ ಆಳೇ ಬೇರೆ, ಮರುದಿನ ಗಂಟೆ ಹೊಡೆದಾಗ ಮೂಲೆಯಿಂದ ಎದ್ದು ಬರುವ ಆಳೇ ಬೇರೆ. ನಡುವೆ ಇಪ್ಪತ್ತೆಂಟು ಮೂವತ್ತು ತಾಸು ಇರುತ್ತದೆ. ಮೊದಲು ಬೌಟಿನ ದಿನ ಬೆಳಗ್ಗೆ ತೂಕ ಹಾಕುತ್ತಿದ್ದರು. 1980ರ ದಶಕದಿಂದ ಹಿಂದಿನ ದಿನಕ್ಕೆ ಹೋಯಿತು. ಒಣಗಿದ ಮೈಗೆ ನೀರು ತುಂಬಿಕೊಳ್ಳಲು ಟೈಮ್ ಸಿಗಲಿ ಅಂತ ಮಾಡಿದ್ದು. ಟೈಮ್ ಸಿಗುತ್ತದೆ ಅಂತ ಗೊತ್ತಾದ ಮೇಲೆ ಜನ ಇನ್ನೂ ಹೆಚ್ಚು ಒಣಗಿಸತೊಡಗಿದರು.

ಹಾಗಾಗಿ ಕರಾರಿನ 65 ನೋಡಿ ಯಾರೂ ಭವಿಷ್ಯ ಹೇಳಲಾಗದು. ನೋಡಬೇಕಾದದ್ದು ರಿಂಗಿಗೆ ಬರುವಾಗಿನ ತೂಕ, ಮತ್ತು ಆ ತೂಕಕ್ಕೆ ಅವನು ಯಾವ ದಾರಿಯಲ್ಲಿ ಬಂದ ಅನ್ನುವುದು.

ನಿಮ್ಮ ಮಗ ಮತ್ತು ಅಣ್ಣ ಇಬ್ಬರ ವಾದಕ್ಕೂ ಒಬ್ಬನೇ ಬಾಕ್ಸರ್‌ನ ದಾಖಲೆಯಲ್ಲಿ ಸಾಕ್ಷಿ ಇದೆ, ಫಿಲಿಪ್ಪೀನ್ಸ್‌ನ ಮ್ಯಾನಿ ಪಾಕಿಯಾವ್. 2008ರ ಡಿಸೆಂಬರಿನಲ್ಲಿ ಅವನು ಆಸ್ಕರ್ ಡಿ ಲಾ ಹೋಯಾನನ್ನು ಎದುರಿಸಿದ. 147 ಪೌಂಡಿನ ಮಿತಿ, ಅಂದರೆ 66.68 ಕೆ.ಜಿ. ಡಿ ಲಾ ಹೋಯಾ ವರ್ಷಗಟ್ಟಲೆ ಅದಕ್ಕಿಂತ ಮೇಲಿನ ವಿಭಾಗಗಳಲ್ಲೇ ಆಡಿದ್ದವನು, ಎತ್ತರದಲ್ಲೂ ದೊಡ್ಡವನು. ತಕ್ಕಡಿಯಲ್ಲಿ 145 ತೂಗಿದ, ಪಾಕಿಯಾವ್ 142. ಮರುದಿನ ರಿಂಗಿನಲ್ಲಿ ಡಿ ಲಾ ಹೋಯಾ 147, ಪಾಕಿಯಾವ್ 148 ದಾಟಿದ್ದ. ದೊಡ್ಡ ಆಳು ಚಿಕ್ಕ ಆಳಿಗಿಂತ ಹಗುರಾಗಿ ಬಂದಿತ್ತು. ಎಂಟು ರೌಂಡ್ ಮುಗಿದ ಮೇಲೆ ಸ್ಟೂಲಿನಿಂದ ಏಳಲೇ ಇಲ್ಲ. ಇದು ನಿಮ್ಮ ಮಗನ ಕಡೆಯ ಸಾಕ್ಷಿ.

ಎರಡು ವರ್ಷದ ಮೇಲೆ, 2010ರ ನವೆಂಬರ್ 13, ಟೆಕ್ಸಾಸ್. ಎದುರಾಳಿ ಆಂಟೋನಿಯೊ ಮಾರ್ಗರಿಟೊ. ಕರಾರಿನ ತೂಕ 150 ಪೌಂಡ್, ಅಂದರೆ 68 ಕೆ.ಜಿ. ಮಾರ್ಗರಿಟೊ ಸರಿಯಾಗಿ 150 ತೂಗಿ ಮರುದಿನ ರಿಂಗಿಗೆ 165 ಆಗಿ ಬಂದ. ಪಾಕಿಯಾವ್ 148. ಹದಿನೇಳು ಪೌಂಡ್, ಸುಮಾರು ಏಳೂಮುಕ್ಕಾಲು ಕೆ.ಜಿ. ಅಂತರ! ತೂಕವೇ ಗೆಲ್ಲಿಸುವುದಾಗಿದ್ದರೆ ಪಾಕಿಯಾವ್ ಅಂದು ಆಸ್ಪತ್ರೆಗೆ ಹೋಗಬೇಕಿತ್ತು. ಹೋದವನು ಮಾರ್ಗರಿಟೊ, ಕಣ್ಣಿನ ಗೂಡಿನ ಎಲುಬು ಮುರಿದುಕೊಂಡು. ಹನ್ನೆರಡು ರೌಂಡ್ ಪೂರ್ತಿ ಪಾಕಿಯಾವ್ ಅವನ ಸುತ್ತ ತಿರುಗಿ ತಿರುಗಿ ಹೊಡೆದ. ಅಣ್ಣನವರಿಗೆ ಇದನ್ನು ತಪ್ಪದೆ ಹೇಳಿ.

ಇನ್ನೂ ಒಂದು ಬೌಟ್ ಇದೆ, ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು. 2004ರ ಸೆಪ್ಟೆಂಬರ್, ಬರ್ನಾರ್ಡ್ ಹಾಪ್ಕಿನ್ಸ್ ಮತ್ತು ಅದೇ ಡಿ ಲಾ ಹೋಯಾ. ಮಿಡಲ್‌ವೇಟ್ ಮಿತಿ 160, ಆದರೆ ದೊಡ್ಡ ಹೆಸರು ಡಿ ಲಾ ಹೋಯಾನದು, ಟಿಕೆಟ್ ಮಾರುವವನು ಅವನು, ಅವನಿಗಾಗಿ 158ಕ್ಕೆ ಇಳಿಸಿದರು. ಹಾಪ್ಕಿನ್ಸ್ 156 ತೂಗಿದ, ಕೇಳಿದ್ದಕ್ಕಿಂತ ಎರಡು ಪೌಂಡ್ ಕಡಿಮೆ. ಯಾಕೆಂದರೆ ಅವನು ವರ್ಷವಿಡೀ ತನ್ನ ತೂಕದ ಆಸುಪಾಸಿನಲ್ಲೇ ಬದುಕುವ ಮನುಷ್ಯ. ಅವನಿಗೆ ಆ ಷರತ್ತು ಷರತ್ತೇ ಆಗಲಿಲ್ಲ. ಒಂಬತ್ತನೇ ರೌಂಡಿನಲ್ಲಿ ಎಡಗೈಯಿಂದ ಲಿವರ್ ಮೇಲೆ ಒಂದೇ ಏಟು, ಡಿ ಲಾ ಹೋಯಾ ನೆಲ ಬಡಿದು ಒದ್ದಾಡಿದ.

ಹೀಗಾಗಿ ನಾನು ಮೊದಲು ಕೇಳುವುದು, ತೂಕದ ಮಾತೇ ಇಲ್ಲದಿದ್ದರೆ ಈ ಇಬ್ಬರಲ್ಲಿ ಯಾರು ಚೆನ್ನಾಗಿ ಆಡುತ್ತಾರೆ ಅಂತ. ಅದಕ್ಕೆ ಉತ್ತರ ಖಚಿತವಾಗಿದ್ದರೆ ಒಂದೂವರೆ ಕೆ.ಜಿ. ಆಚೀಚೆ ಆದರೆ ಫಲಿತಾಂಶ ಬದಲಾಗುವುದು ಅಪರೂಪ. 2013ರಲ್ಲಿ ಮೇವೆದರ್ ಮತ್ತು ಕನೆಲೊ ಅಲ್ವಾರೆಜ್ 154ರ ವಿಭಾಗದಲ್ಲಿ 152 ಪೌಂಡಿಗೆ ಒಪ್ಪಿದಾಗ, ಕನೆಲೊ ಸೋತದ್ದು ಆ ಎರಡು ಪೌಂಡಿನಿಂದ ಅಂತ ಇವತ್ತಿಗೂ ಹೇಳುವವರಿದ್ದಾರೆ. ಕನೆಲೊ ಸೋತದ್ದು ಮೇವೆದರ್‌ನ ಮುಖ ಕೈಗೆ ಸಿಗದೆ. ಅಂಕಿ ಕೇಳಿದವನೇ ಗೆದ್ದ ಬೌಟುಗಳ ಪಟ್ಟಿ ಉದ್ದ ಕಾಣುವುದಕ್ಕೂ ಇದೇ ಕಾರಣ: ಕೇಳುವ ತಾಕತ್ತು ಇರುವವನು ಸ್ಟಾರ್, ಸ್ಟಾರ್ ಆದವನು ಸಾಮಾನ್ಯವಾಗಿ ಒಳ್ಳೆಯ ಬಾಕ್ಸರ್. ಅಂಕಿಗೆ ಸುಮ್ಮನೆ ಪುಣ್ಯ ಬರುತ್ತದೆ.

ಆಟ ಸಮಸಮ ಇದ್ದಾಗ ಮಾತ್ರ ತೂಕಕ್ಕೆ ಬೆಲೆ. ಈಗ ನಿಮ್ಮ ಹುಡುಗನ ಲೆಕ್ಕ ಹಾಕೋಣ.

ಎದುರಾಳಿ 72.5 ಅಂತ ಹಿಡಿಯಿರಿ, 65ಕ್ಕೆ ಬರಬೇಕು. ಏಳೂವರೆ ಕೆ.ಜಿ., ಮೈತೂಕದ ನೂರಕ್ಕೆ ಹತ್ತಕ್ಕಿಂತ ಜಾಸ್ತಿ. ಕೇಳಲು ಭಯಂಕರ. ಆದರೆ ಅವನು ಶಿಸ್ತಿನವನಾದರೆ ಅದರಲ್ಲಿ ಮೂರೂವರೆ ನಾಲ್ಕು ಕೆ.ಜಿ. ನಾಲ್ಕು ವಾರದ ಊಟದ ಮೇಲೆ ಹೋಗುತ್ತದೆ. ಅದು ಕೊಬ್ಬು, ಹೋದರೆ ನಷ್ಟವಿಲ್ಲ. ಕೊನೆಯ ವಾರ ಅನ್ನ, ರೊಟ್ಟಿ, ಉಪ್ಪು, ನಾರಿನ ತರಕಾರಿ ಕಡಿಮೆ ಮಾಡಿದರೆ ಇನ್ನೂ ಒಂದೂವರೆ ಎರಡು ಕೆ.ಜಿ. ಇಳಿಯುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ, ಅದು ಖಾಲಿಯಾದಂತೆ ನೀರೂ ಹೋಗುತ್ತದೆ. ಉಳಿದದ್ದು ಎರಡು ಕೆ.ಜಿ. ಬೆವರು, ಕೊನೆಯ ದಿನ. ಇಷ್ಟಾದರೆ ಅವನು ಸೊರಗಿದವನಲ್ಲ. ಮಧ್ಯಾಹ್ನ ತಕ್ಕಡಿ ಇಳಿದು, ಉಪ್ಪು-ಸಕ್ಕರೆ ನೀರು ಸ್ವಲ್ಪ ಸ್ವಲ್ಪ ಕುಡಿದು, ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು ತಿಂದು ಮಲಗಿದರೆ ಮರುದಿನ ಸಂಜೆ 68.5, 69ಕ್ಕೆ ಬರುತ್ತಾನೆ.

ನಿಮ್ಮ ಅಳಿಯ 67ರಿಂದ 65ಕ್ಕೆ ಇಳಿಯುವುದು ಕಷ್ಟವೇನಲ್ಲ. ರಿಂಗಿನಲ್ಲಿ 66.5 ಇರುತ್ತಾನೆ. ಅಂತರ ಎರಡು, ಎರಡೂವರೆ ಕೆ.ಜಿ. ಒಂದು ವಿಭಾಗದಷ್ಟೂ ಇಲ್ಲ. ಇದಕ್ಕೇ ಅಣ್ಣನವರು ಹೇಳಿದಷ್ಟು ದೊಡ್ಡ ಆಳು ಎದುರಿಗೆ ಬರುವುದಿಲ್ಲ ಅಂದದ್ದು. ಆದರೂ ಐವತ್ತೈದು ಎದುರಾಳಿಗೆ ಯಾಕೆ ಕೊಟ್ಟೆ? ಒಂದು, ಆರೇ ರೌಂಡ್. ಒಣಗಿ ಬಂದವನ ಬಣ್ಣ ಬಯಲಾಗುವುದು ನಾಲ್ಕನೇ ಐದನೇ ರೌಂಡಿನಿಂದ. ಹನ್ನೆರಡು ರೌಂಡಿನ ಬೌಟಿನಲ್ಲಿ ಅವನನ್ನು ಬಿಡಿಸಿ ತಿನ್ನಲು ಏಳೆಂಟು ರೌಂಡ್ ಸಿಗುತ್ತವೆ, ಇಲ್ಲಿ ಸಿಗುವುದು ಎರಡು. ಎರಡು, ಅಂಕಿ ಹೇಳಿದವರು ಅವರೇ. ದೊಡ್ಡ ಆಳಿನ ಕಡೆಯವರು ತಾವಾಗಿ ತಮ್ಮ ಹಿಂದಿನ ಕನಿಷ್ಠಕ್ಕಿಂತ ಕೆಳಗೆ ಹೇಳಿದ್ದಾರೆ ಅಂದರೆ, ಒಂದೋ ದುಡ್ಡಿನ ಆಸೆಗೆ ಹೇಳಿದ್ದಾರೆ, ಇಲ್ಲ ಮನೆಯಲ್ಲಿ ಆಗಲೇ ತಕ್ಕಡಿ ಹತ್ತಿ ನೋಡಿಕೊಂಡಿದ್ದಾರೆ. ಎರಡನೆಯದೇ ಹೆಚ್ಚು ಅನ್ನಿಸುತ್ತದೆ.

ನಿಮ್ಮ ಮಗನ ಮಾತು ನಿಜವಾಗಬೇಕಾದರೆ ಎದುರಾಳಿ ಬೇರೆ ದಾರಿ ಹಿಡಿಯಬೇಕು: ಮೂರು ವಾರ ಕೈಬಿಟ್ಟು ತಿಂದು, ಕೊನೆಯ ವಾರಕ್ಕೆ 71ರಲ್ಲಿ ಕಾಲಿಟ್ಟು, ಆರು ಕೆ.ಜಿ. ನೀರಿನಲ್ಲೇ ತೆಗೆಯಬೇಕು. ಹಾಗೆ ಮಾಡಿದವರನ್ನು ತಕ್ಕಡಿಯ ಹತ್ತಿರ ನೋಡಿದ್ದೇನೆ. ಸಾಲಿನಲ್ಲಿ ನಿಲ್ಲಲು ಆಗದೆ ಗೋಡೆಗೆ ಒರಗಿ ಕೆಳಗೆ ಕೂತಿರುತ್ತಾರೆ. ತುಟಿಯ ಮೂಲೆಯಲ್ಲಿ ಬಿಳಿ ಕಟ್ಟಿರುತ್ತದೆ. ಕೊನೆಯ ನೂರು ಗ್ರಾಂಗೆ ಉಗುಳು ಅಂತ ಕೋಚ್ ಲೋಟ ಕೊಟ್ಟರೆ ಬಾಯಲ್ಲಿ ಉಗುಳೇ ಇರುವುದಿಲ್ಲ. ಮುಂಗೈ ಚರ್ಮ ಚಿವುಟಿ ಬಿಟ್ಟರೆ ಆ ಮಡಿಕೆ ಹಾಗೇ ಒಂದು ಗಳಿಗೆ ನಿಂತಿರುತ್ತದೆ. ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾರೆ. ಮರುದಿನ ತಕ್ಕಡಿ ಮೇಲೆ ಇವರ ತೂಕವೂ ಏರಿರುತ್ತದೆ, ಅದರಿಂದ ಮೋಸ ಹೋಗಬಾರದು. ಹೊಟ್ಟೆಗೆ ನೀರು ಬಿದ್ದಾಕ್ಷಣ ಸ್ನಾಯುವಿಗೆ ಇಳಿಯುವುದಿಲ್ಲ, ಖಾಲಿಯಾದ ಗ್ಲೈಕೋಜನ್ ಮತ್ತೆ ತುಂಬಲು ಒಂದು ದಿನ ಪೂರ್ತಿ ಬೇಕು. ರಕ್ತ ಕಡಿಮೆಯಾಗಿ ಎದೆಬಡಿತ ಮೊದಲ ರೌಂಡಿನಲ್ಲೇ ಮೂರನೇ ರೌಂಡಿನಷ್ಟು ಓಡುತ್ತಿರುತ್ತದೆ. ತಕ್ಕಡಿ ಇಳಿದವನೇ ಬಿರಿಯಾನಿಗೆ ಕೈಹಾಕಿದರಂತೂ ಮುಗಿಯಿತು.

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, 42 ಡಿಗ್ರಿ ಮೇಲೆಯೇ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಮಧ್ಯಾಹ್ನ ರೇನ್‌ಕೋಟ್ ತೊಟ್ಟು ಓಡುವ ಹುಡುಗರು ಕಂಡರೆ ನಾನು ಕರೆದು ಬೈದಿದ್ದೇನೆ. 1997ರಲ್ಲಿ ಅಮೆರಿಕದಲ್ಲಿ ಕಾಲೇಜು ಕುಸ್ತಿಯ ಮೂವರು ಹುಡುಗರು ಹೀಗೆಯೇ ರಬ್ಬರ್ ಸೂಟ್ ತೊಟ್ಟು ಬೆವರು ಇಳಿಸಲು ಹೋಗಿ ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ನಿಮ್ಮ ಅಳಿಯನಿಗೆ ಇದರ ಅಗತ್ಯವೇ ಇಲ್ಲ, ಮಾಡಲು ಬಿಡಬೇಡಿ. ಸಲೈನ್ ಏರಿಸಿಕೊಂಡರೆ ಆಯಿತು ಅಂತ ಯಾರಾದರೂ ಹೇಳಿದರೆ ಅದೂ ಬೇಡ: ಆಸ್ಪತ್ರೆ ಚಿಕಿತ್ಸೆಯ ಹೊರತಾಗಿ ಹನ್ನೆರಡು ತಾಸಿಗೆ 100 ಮಿಲಿ ಲೀಟರಿಗಿಂತ ಹೆಚ್ಚು ಸಲೈನ್ ಏರಿಸುವುದನ್ನು ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ನಿಷೇಧಿಸಿದೆ. ಮೂತ್ರ ಹೆಚ್ಚಿಸುವ ಗುಳಿಗೆಗಳೂ ನಿಷೇಧಿತ ಪಟ್ಟಿಯಲ್ಲಿವೆ.

ಎತ್ತರದ ತೂಕಕ್ಕೆ ಹೋಗುವವನ ತಪ್ಪು ಇನ್ನೊಂದು ಥರದ್ದು. 63.5ರ ಹುಡುಗ 65 ಅಂದಕೂಡಲೇ ಒಂದೂವರೆ ಕೆ.ಜಿ. ಬೆಳೆಯಬೇಕು ಅಂತ ತಿನ್ನಲು ಶುರು ಮಾಡುತ್ತಾನೆ. ಬೇಡ. ಅವನ ಬಂಡವಾಳ ವೇಗ. ಮೇರಿ ಕೋಮ್ 48ರ ಆಸುಪಾಸಿನಲ್ಲಿ ವಿಶ್ವ ಚಾಂಪಿಯನ್ ಆದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದ ಅತಿ ಕಡಿಮೆ ವಿಭಾಗವೇ 51. ಕಂಚು ಗೆದ್ದರು, ಆದರೆ ಸೆಮಿಫೈನಲ್‌ನಲ್ಲಿ ನಿಕೋಲಾ ಆಡಮ್ಸ್ ಎದುರು 6-11. ಮೂರು ಕೆ.ಜಿ. ಅನ್ನುವುದು 48ರಲ್ಲಿ ನೂರಕ್ಕೆ ಆರಕ್ಕಿಂತ ಹೆಚ್ಚು. ಕೆಳಗಿನ ವಿಭಾಗಗಳಲ್ಲಿ ಪ್ರತಿ ಕೆ.ಜಿ. ತುಟ್ಟಿ. ನಿಮ್ಮವನಿಗೆ 1.5 ಅಂದರೆ ನೂರಕ್ಕೆ ಎರಡೂ ಚಿಲ್ಲರೆ. ಅಷ್ಟಕ್ಕೆ ಮೈ ಬೆಳೆಸುವುದು ಬೇಕಿಲ್ಲ.

ಕೆಳಗೆ ಇಳಿಯುವ ಕಷ್ಟಕ್ಕೆ ಗಡಿಯಾಚೆಯ ನಿಜಾಮಾಬಾದಿನ ನಿಖತ್ ಝರೀನ್ ಇದ್ದಾರೆ. 2022ರಲ್ಲಿ 52 ಕೆ.ಜಿ.ಯಲ್ಲಿ ವಿಶ್ವ ಚಾಂಪಿಯನ್. ಪ್ಯಾರಿಸ್ ಒಲಿಂಪಿಕ್ಸ್‌ಗೆ 50ಕ್ಕೆ ಇಳಿಯಬೇಕಾಯಿತು. ಚೀನಾದ ವು ಯು ಎದುರು 0-5ರಿಂದ ಸೋತ ಮೇಲೆ, ತೂಕಕ್ಕಾಗಿ ಎರಡು ದಿನ ಊಟ ನೀರು ಬಿಟ್ಟಿದ್ದನ್ನು ಅವರೇ ಹೇಳಿಕೊಂಡರು. ಅಲ್ಲಿ ತೂಕ ಹಾಕುವುದು ಅದೇ ದಿನ ಬೆಳಗ್ಗೆ, ಚೇತರಿಸಲು ಟೈಮಿಲ್ಲ. ನಿಮ್ಮ ಎದುರಾಳಿಗೆ ಒಂದು ದಿನಕ್ಕಿಂತ ಹೆಚ್ಚು ಇದೆ. ಇದನ್ನು ನಿಮ್ಮ ಮಗ ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಸೇರಿಸಬೇಕಾದ ಆ ಎರಡು ಸಾಲು. ಮೊದಲನೆಯದು, ಬೌಟಿನ ದಿನ ಬೆಳಗ್ಗೆ ಎರಡನೇ ಸಲ ತೂಕ. ಇದನ್ನು ರಿಹೈಡ್ರೇಷನ್ ಕ್ಲಾಜ್ ಅನ್ನುತ್ತಾರೆ, ನೀರು ತುಂಬಿಕೊಂಡು ಎಷ್ಟು ಏರಬಹುದು ಅನ್ನುವ ಷರತ್ತು. ವಿಶ್ವ ಟೈಟಲ್ ಕೊಡುವ ಸಂಸ್ಥೆಗಳಲ್ಲಿ ಒಂದಾದ ಐಬಿಎಫ್ ತನ್ನ ಟೈಟಲ್ ಬೌಟುಗಳಲ್ಲಿ ಮಿತಿಗಿಂತ ಹತ್ತು ಪೌಂಡ್ ಮೇಲೆ ಹೋಗಬಾರದು ಅಂತ ನಿಯಮ ಮಾಡಿತ್ತು. 2023ರ ಏಪ್ರಿಲಿನಲ್ಲಿ ಜರ್ವಾಂಟಾ ಡೇವಿಸ್ ಮತ್ತು ರಯಾನ್ ಗಾರ್ಸಿಯಾ 136 ಪೌಂಡಿಗೆ ಒಪ್ಪಿದಾಗಲೂ ಹತ್ತು ಪೌಂಡಿನ ಷರತ್ತಿತ್ತು. ಉದ್ದ ಆಳು ಗಾರ್ಸಿಯಾ, ಏಳನೇ ರೌಂಡಿನಲ್ಲಿ ಹೊಟ್ಟೆಗೆ ಬಿದ್ದ ಏಟಿಗೆ ಮಂಡಿಯೂರಿ ಎಣಿಕೆ ಮುಗಿಯುವವರೆಗೂ ಏಳಲಿಲ್ಲ. ಆದರೆ ಆ ಹತ್ತು ಪೌಂಡನ್ನು ಹಾಗೇ ಎತ್ತಿ ನಿಮ್ಮ ಕರಾರಿಗೆ ಹಾಕಿದರೆ 69.5 ಕೆ.ಜಿ. ಆಗುತ್ತದೆ. ಎದುರಾಳಿ ಹೇಗೂ 69ರೊಳಗೇ ಬರುವವನು, ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಬೆಳಗ್ಗೆ ಎಂಟಕ್ಕೆ 68 ಮೀರಬಾರದು ಅಂತ ಕೇಳಿ, 68.3ಕ್ಕೆ ಒಪ್ಪಿ.

ಎರಡನೆಯದು, ಏಳು ದಿನ ಮೊದಲಿನ ತೂಕ. ಅಂಥದೇ ಇನ್ನೊಂದು ಸಂಸ್ಥೆ ಡಬ್ಲ್ಯುಬಿಸಿ ತನ್ನ ಟೈಟಲ್ ಬೌಟುಗಳಿಗೆ 30 ದಿನ ಮೊದಲು ಮಿತಿಗಿಂತ ನೂರಕ್ಕೆ ಹತ್ತು, ಏಳು ದಿನ ಮೊದಲು ನೂರಕ್ಕೆ ಐದು ಮೀರಬಾರದು ಅನ್ನುತ್ತದೆ. ನಿಮ್ಮ 65ಕ್ಕೆ ಅದು 71.5 ಮತ್ತು 68.25. ಇದರಿಂದ ಎದುರಾಳಿ ನಿಧಾನವಾಗಿ ಇಳಿಯಲೇಬೇಕಾಗುತ್ತದೆ. ಅದು ಅವನಿಗೂ ಒಳ್ಳೆಯದಲ್ಲವೇ ಅಂದರೆ, ಹೌದು, ಒಳ್ಳೆಯದೇ; ಒಣಗಿದ ತಲೆಯ ಮೇಲೆ ಏಟು ಬೀಳುವುದನ್ನು ನೋಡಲು ನನಗೆ ಇಷ್ಟವಿಲ್ಲ, ನಿಮ್ಮ ಹುಡುಗನಿಗೂ ಅಂಥ ಗೆಲುವು ಬೇಡ. ತೂಕವನ್ನು ಮಧ್ಯಾಹ್ನದಿಂದ ಸಂಜೆಗೆ ಎಳೆದು ಎದುರಾಳಿಯನ್ನು ಸುಸ್ತು ಮಾಡುವ ಉಪಾಯ ಕೆಲವು ಮ್ಯಾನೇಜರುಗಳು ಹೇಳುತ್ತಾರೆ, ಅದನ್ನು ನಾನು ಹೇಳಿಕೊಡುವುದಿಲ್ಲ. ಈ ಎರಡು ಸಾಲು ಬಂದರೆ ರಿಂಗಿನಲ್ಲಿ ಅಂತರ ಒಂದೂವರೆ ಕೆ.ಜಿ.ಗೆ ಇಳಿಯುತ್ತದೆ, ಆಗ ತನ್ನ ಸಹಜ ತೂಕದಲ್ಲಿ, ಹೊಟ್ಟೆ ತುಂಬಿ, ಕಾಲು ಹಗುರಾಗಿ ಬರುವ ನಿಮ್ಮ ಅಳಿಯನಿಗೆ ಐವತ್ತೈದು.

ಗ್ಲೌಸ್ ಕೂಡ ಕೇಳಿಕೊಳ್ಳಿ. ಸಾಮಾನ್ಯವಾಗಿ ವೆಲ್ಟರ್‌ವೇಟ್‌ವರೆಗೆ 8 ಔನ್ಸ್, ಅದರ ಮೇಲೆ 10. ಎದುರಾಳಿಗೆ 10 ಔನ್ಸ್‌ನ ರೂಢಿ ಹೆಚ್ಚು. ಚಿಕ್ಕ ಗ್ಲೌಸ್ ಅವನ ಏಟನ್ನು ಇನ್ನಷ್ಟು ಹರಿತ ಮಾಡುತ್ತದೆ, ಏಟು ತಡೆಯಲು ಮುಖಕ್ಕೆ ಹಿಡಿಯುವ ಅವನ ಗಾರ್ಡ್ ಕೂಡ ಚಿಕ್ಕದಾಗುತ್ತದೆ.

ಬೌಟಿನ ದಿನ ಮನೆಯವರು ನೋಡಬೇಕಾದದ್ದು ಕಾಲು. ಮೂರನೇ ರೌಂಡಿನಲ್ಲಿ ಎದುರಾಳಿಯ ಹಿಮ್ಮಡಿ ನೆಲಕ್ಕೆ ಅಂಟಿತೇ? ಹಗ್ಗಕ್ಕೆ ಒರಗುತ್ತಿದ್ದಾನೆಯೇ, ಕಾರಣವಿಲ್ಲದೆ ಅಪ್ಪಿ ಹಿಡಿಯುತ್ತಿದ್ದಾನೆಯೇ? ಸ್ಟೂಲಿನ ಮೇಲೆ ಬಾಯಿ ತೆರೆದು ಉಸಿರಾಡುತ್ತಿದ್ದಾನೆಯೇ? ಹಾಗಿದ್ದರೆ ಮುಖ ಬಿಟ್ಟು ಪಕ್ಕೆಗೆ ಹೊಡೆಯಬೇಕು ಅಂತ ಅವನ ಕೋಚ್‌ಗೆ ಹೇಳಬೇಕಾಗಿಲ್ಲ, ಅವರಿಗೆ ಗೊತ್ತಿರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದರೂ ತಲೆಕೆಳಗಾಗಬಹುದು ಅನ್ನುವುದಕ್ಕೆ 2025 ಇದೆ: ಕ್ರಿಸ್ ಯೂಬ್ಯಾಂಕ್ ಜೂನಿಯರ್ ಮತ್ತು ಕಾನರ್ ಬೆನ್, ಅದೇ ಇಬ್ಬರು, ಅದೇ 160 ಪೌಂಡ್. ಏಪ್ರಿಲಿನಲ್ಲಿ ಯೂಬ್ಯಾಂಕ್ ಗೆದ್ದ, ನವೆಂಬರಿನಲ್ಲಿ ಬೆನ್.

ಕೊನೆಗೆ, ನೀವು ಕೇಳದ ಪ್ರಶ್ನೆ. ಎದುರಾಳಿ 65 ಹಿಡಿಯದೆ ಬಂದರೆ? ಆ ಯೂಬ್ಯಾಂಕ್ ಏಪ್ರಿಲಿನಲ್ಲಿ ಮೀರಿದ್ದು 0.05 ಪೌಂಡ್, ಇಪ್ಪತ್ತಮೂರು ಗ್ರಾಂ. ತೆತ್ತ ದಂಡ ಐದು ಲಕ್ಷ ಡಾಲರ್. 2024ರಲ್ಲಿ ರಯಾನ್ ಗಾರ್ಸಿಯಾ 3.2 ಪೌಂಡ್ ಮೀರಿ ಬಂದು, ಆರಾಮಾಗಿ ಉಂಡು, ಡೆವಿನ್ ಹೇನಿಯನ್ನು ಮೂರು ಸಲ ಕೆಡವಿದ. ನಿಷೇಧಿತ ವಸ್ತು ಸಿಕ್ಕಿ ಆ ಫಲಿತಾಂಶವೇ ಆಮೇಲೆ ರದ್ದಾಯಿತು, ಅದು ಬೇರೆ ಮಾತು. ಆದರೆ ತೂಕ ಬಿಟ್ಟುಕೊಟ್ಟವನು ಒಣಗದೆ ಬರುತ್ತಾನೆ, ಎಲ್ಲಕ್ಕಿಂತ ಅಪಾಯದ ಎದುರಾಳಿ ಅವನೇ. ಹಾಗಾಗಿ ದಂಡ ಎಷ್ಟು ಅನ್ನುವುದನ್ನು ಕರಾರಿನಲ್ಲಿ ಈಗಲೇ ಬರೆಸಿ, ಆ ದುಡ್ಡು ನಿಮ್ಮ ಹುಡುಗನಿಗೆ ಸೇರುವಂತೆ. ಅರ್ಧ ಕೆ.ಜಿ.ವರೆಗೆ ಮೀರಿದರೆ ದಂಡ ತಗೊಂಡು ಆಡಲಿ, ಆದರೆ ಮರುದಿನ ಬೆಳಗ್ಗೆಯ 68 ಸಡಿಲ ಆಗಕೂಡದು. ಒಂದು ಕೆ.ಜಿ. ಮೀರಿದರೆ, ಬ್ಯಾನರ್ ಕಟ್ಟಿದ್ದಾರೆ, ಟಿಕೆಟ್ ಮಾರಿದ್ದಾರೆ, ಊರಿಂದ ಗಾಡಿ ಮಾಡಿಕೊಂಡು ಜನ ಬಂದಿದ್ದಾರೆ ಅಂತ ಯಾರು ಎಷ್ಟೇ ಒತ್ತಾಯ ಮಾಡಲಿ, ಬ್ಯಾಗ್ ಎತ್ತಿಕೊಂಡು ಭಾಲ್ಕಿ ಬಸ್ ಹತ್ತಲಿ.